ಹಿಸೇಬು ಮುಗಿಯದೆ ಟೆನ್ಷನ್ ಇಳಿಯದು: ಬೆಳಗಾವಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬೆಳಗಾವಿ ಜಿಲ್ಲೆ, ಬೆಳಗಾವಿ.

ಪ್ರತಿ: ಕಾರ್ಮಿಕ ಇಲಾಖೆ, ಆರೋಗ್ಯ ಇಲಾಖೆ, ಮಹಾನಗರ ಪಾಲಿಕೆ ಮತ್ತು ಪೊಲೀಸ್ ಇಲಾಖೆಯ ಜಿಲ್ಲಾ ಮುಖ್ಯಸ್ಥರಿಗೆ, ಜೊತೆಗೆ ನಗರದ ಬಿಲ್ಡರುಗಳು, ಗುತ್ತಿಗೆದಾರರು ಮತ್ತು ಮುಕಾದಮರಿಗೆ (ಕಾರ್ಮಿಕರ ಗುಂಪನ್ನು ಕರೆತಂದು ನಡೆಸುವವರಿಗೆ).

ವಿಷಯ: ಕಟ್ಟಡ ಕೆಲಸಕ್ಕೆ ಹೊರಗಿನಿಂದ ಬಂದವರ, ಅವರಲ್ಲೂ ಅಲ್ಪಸಂಖ್ಯಾತರ, ಕೆಲಸದ ಒತ್ತಡ ಮತ್ತು ಅದಕ್ಕೆ ಆಗಬೇಕಾದ ವ್ಯವಸ್ಥೆ.

ಮಾನ್ಯರೇ,

ಪ್ರತಿ ವರ್ಷ ಅಕ್ಟೋಬರ್ 10 ಬಂತೆಂದರೆ ವಿಶ್ವ ಮಾನಸಿಕ ಆರೋಗ್ಯ ದಿನದ ಬ್ಯಾನರು ಬೀಳುತ್ತದೆ. 2024ರಲ್ಲಂತೂ ಆ ದಿನದ ವಿಷಯವೇ ಕೆಲಸದ ಜಾಗದ ಮಾನಸಿಕ ಆರೋಗ್ಯ. ಕಟ್ಟಡ ಕಾರ್ಮಿಕರನ್ನು ಒಂದು ಕಡೆ ಕೂಡಿಸಿ, ದೀರ್ಘವಾಗಿ ಉಸಿರಾಡಿ, ದುಶ್ಚಟ ಬಿಡಿ, ಸಕಾರಾತ್ಮಕವಾಗಿ ಯೋಚಿಸಿ ಎಂದು ಹೇಳಿ, ಚಹಾ ಬಿಸ್ಕಿಟು ಕೊಟ್ಟು ಕಳಿಸುವುದು ರೂಢಿ. ಅಂಥ ಶಿಬಿರ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಉಸಿರಾಟ ಕಲಿತು ಹೋದವನು ಸಂಜೆ ವಾಪಸಾಗುವುದು ತನ್ನ ಮೂರು ತಿಂಗಳ ಪಗಾರ ಹಿಡಿದಿಟ್ಟುಕೊಂಡ ಮುಕಾದಮನ ಹತ್ತಿರಕ್ಕೆ, ಎಂಟು ಜನ ಮಲಗುವ ಪತ್ರಾಸ್ (ತಗಡಿನ) ಶೆಡ್ಡಿಗೆ. ಒತ್ತಡ ಇರುವುದು ಅವನ ತಲೆಯೊಳಗಲ್ಲ, ಮುಕಾದಮನ ಡೈರಿಯಲ್ಲಿ, ಆ ಶೆಡ್ಡಿನಲ್ಲಿ, ಮೂರನೇ ಮಹಡಿಯ ಅಂಚಿನಲ್ಲಿ. ಅದನ್ನು ಅಲ್ಲಲ್ಲೇ ಹಿಡಿಯಬೇಕು ಎಂಬುದು ಈ ಪತ್ರದ ವಾದ.

ಕಣಬರ್ಗಿ, ಹಿಂಡಲಗಾ, ಪೀರನವಾಡಿ, ಮಚ್ಛೆ ಕಡೆ ಏಳುತ್ತಿರುವ ಕಟ್ಟಡಗಳ ಮೇಲೆ ಕೆಲಸ ಮಾಡುವವರು ಯಾರೆಂದು ಒಮ್ಮೆ ಕೇಳಿಸಿದರೆ ತಿಳಿಯುತ್ತದೆ. ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು ಕಟ್ಟುವುದು), ಬಾರ್ ಬೆಂಡಿಂಗ್‌ಗೆ ಬಿಹಾರ, ಜಾರ್ಖಂಡ್, ಒಡಿಶಾದ ಹುಡುಗರು. ಗೌಂಡಿ ಕೆಲಸಕ್ಕೆ, ಗಿಲಾಯಕ್ಕೆ (ಗಾರೆ ಬಳಿಯುವುದಕ್ಕೆ) ಪಶ್ಚಿಮ ಬಂಗಾಳದ ಮಾಲ್ದಾ, ಮುರ್ಶಿದಾಬಾದಿನ ಮುಸ್ಲಿಮರು. ಟೈಲ್ಸ್, ಗ್ರಾನೈಟಿಗೆ ರಾಜಸ್ಥಾನದವರು. ಪಾಯ ತೋಡುವುದಕ್ಕೆ, ಉಸುಕು, ಖಡಿ (ಜಲ್ಲಿಕಲ್ಲು) ಹೊರುವುದಕ್ಕೆ ಯಾದಗಿರಿ, ಕಲಬುರಗಿ, ವಿಜಯಪುರದ ಹಳ್ಳಿ ತಾಂಡಾಗಳಿಂದ ಗುಳೆ ಬಂದ ಗಂಡ ಹೆಂಡಿರು. ಇದೇ ಹೊತ್ತಿಗೆ ನಮ್ಮ ವಿಜಯಪುರ, ಬಾಗಲಕೋಟೆಯ ಜನ ಗೋವಾದಲ್ಲಿ, ಪುಣೆಯಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ. ಗೋವಾದಲ್ಲಿ ಅವರನ್ನು ‘ಘಾಂಟಿ’ ಎಂದು ಕರೆದರೆ ನಮಗೆ ಸಿಟ್ಟು ಬರುತ್ತದೆ. ಇಲ್ಲಿ ‘ಏ ಬಿಹಾರಿ’ ಎಂದು ಕೂಗುವಾಗ ಅದು ನೆನಪಾಗುವುದಿಲ್ಲ.

ಮೊದಲು ಹಿಸೇಬಿನ, ಅಂದರೆ ಬಾಕಿ ಕೂಲಿಯ ಲೆಕ್ಕ ತೀರಿಸುವ, ಮಾತು. ಬೇರೆ ಎಲ್ಲಕ್ಕಿಂತ ಇದನ್ನು ಉದ್ದ ಬರೆಯುತ್ತೇವೆ, ಯಾಕೆಂದರೆ ಸೈಟಿನ ಟೆನ್ಷನ್ನಿನ ಬೇರು ಹೆಚ್ಚಾಗಿ ಇಲ್ಲೇ ಇದೆ.

ಹೊರರಾಜ್ಯದ ಗುಂಪಿಗೆ ತಿಂಗಳ ಪಗಾರ ಎಂಬುದಿಲ್ಲ. ವಾರಕ್ಕೊಮ್ಮೆ ಸಂತೆಯ ದಿನ ‘ಖರ್ಚಿ’ ಸಿಗುತ್ತದೆ, ಅಂದರೆ ಅಕ್ಕಿ, ಎಣ್ಣೆ, ರಿಚಾರ್ಜಿಗೆ ಆಗುವಷ್ಟು ಕೈಗಾಸು. ಉಳಿದದ್ದು ಮುಕಾದಮನ ಡೈರಿಯಲ್ಲಿ. ಹೆಲ್ಪರನ ಕೂಲಿ ದಿನಕ್ಕೆ 700 ರೂಪಾಯಿ ಎಂದಿಟ್ಟುಕೊಳ್ಳಿ. 26 ಹಾಜರಿಗೆ 18,200. ವಾರಕ್ಕೆ 1,500ರಂತೆ ನಾಲ್ಕು ವಾರದ ಖರ್ಚಿ 6,000 ಹೋದರೆ 12,200 ಬಾಕಿ. ಮೂರು ತಿಂಗಳಾದರೆ 36,600 ರೂಪಾಯಿ ಇನ್ನೊಬ್ಬನ ಕೈಯಲ್ಲಿ. ಅದರಲ್ಲಿ ರೈಲಿನ ಟಿಕೆಟು, ಊರಲ್ಲಿ ಕೊಟ್ಟ ಮುಂಗಡ, ಮಳೆಗೆ ಕೆಲಸ ನಿಂತ ದಿನದ ಅರ್ಧ ಹಾಜರಿ, ಎಲ್ಲ ಕಳೆಯುತ್ತದೆ. ಎಷ್ಟು ಕಳೆಯಿತೆಂಬುದು ಡೈರಿ ಬರೆದವನಿಗೆ ಮಾತ್ರ ಗೊತ್ತು. ಊರಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದರೂ ಇವನು ಹೊರಡುವುದಿಲ್ಲ. ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಯಾದಗಿರಿಯವನಾಗಲಿ, ಇಲ್ಲಿ ಕನ್ನಡ ಕಲಿತ ಬಿಹಾರದವನಾಗಲಿ ಹೇಳುವುದು ಒಂದೇ: “ಹಿಸೇಬು ಆಗಿಲ್ರೀ, ಹೆಂಗ ಹೋಗೂದು?” ಬಿಟ್ಟು ಹೋದರೆ ಬಾಕಿ ಮುಳುಗುತ್ತದೆ, ಇದ್ದರೆ ಬಾಕಿ ಬೆಳೆಯುತ್ತದೆ. ರಾತ್ರಿ ನಿದ್ದೆ ಬಾರದೆ ಹೊರಳಾಡುವವರಲ್ಲಿ ಬಹಳ ಮಂದಿ ಮನಸ್ಸಿನಲ್ಲೇ ಈ ಲೆಕ್ಕ ಕೂಡಿಸಿ ಕಳೆಯುತ್ತಿರುತ್ತಾರೆ.

ಮುಕಾದಮನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಮಾಲೀಕ ಬಿಲ್ಡರಿಗೆ, ಬಿಲ್ಡರು ಗುತ್ತಿಗೆದಾರನಿಗೆ, ಅವನು ಮುಕಾದಮನಿಗೆ ಕೊಡುವಾಗ ಪ್ರತಿಯೊಬ್ಬನೂ ನೂರಕ್ಕೆ ಐದೋ ಹತ್ತೋ ಹಿಡಿದುಕೊಳ್ಳುತ್ತಾನೆ. ಬಿಲ್ಲು ತಡವಾದರೆ ಮೇಲಿನವರು ಬ್ಯಾಂಕಿನಿಂದ ತಂದು ನಡೆಸುತ್ತಾರೆ. ಕೊನೆಯವನು ಮಾತ್ರ ಕಾರ್ಮಿಕರ ಪಗಾರವನ್ನೇ ಸಾಲವಾಗಿ ಬಳಸಿಕೊಳ್ಳುತ್ತಾನೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಆ ಹೊಣೆ ಉಳಿದಿದೆ. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಮುಗಿಸಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಎರಡು ದಿನ! ಸೈಟಿನಲ್ಲಿ ಇದನ್ನು ಓದಿ ಹೇಳಿದರೆ ಜನ ನಗುತ್ತಾರೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಹಾಜರಿ ಕಾರ್ಡು. ಒಂದು ಮುಕಾದಮನ ಹತ್ತಿರ, ಅದರ ಜೋಡಿ ಕಾರ್ಮಿಕನ ಹತ್ತಿರ. ತಾರೀಖು, ಪೂರ್ತಿ ಹಾಜರಿಯೋ ಅರ್ಧವೋ, ಹೆಚ್ಚಿನ ತಾಸು ಎಷ್ಟು, ಖರ್ಚಿ ಎಷ್ಟು, ಬಾಕಿ ಎಷ್ಟು, ಇಷ್ಟು ಮನೆಗಳಿದ್ದರೆ ಸಾಕು. ಖರ್ಚಿ ಕೊಡುವ ದಿನವೇ ಎರಡರಲ್ಲೂ ಸಹಿ ಅಥವಾ ಹೆಬ್ಬೆಟ್ಟು, ಆಮೇಲೆ ಕಾರ್ಮಿಕನ ಮೊಬೈಲಿನಲ್ಲಿ ಎರಡೂ ಕಾರ್ಡಿನ ಒಂದು ಫೋಟೋ. ಮಳೆಯ ನಿಯಮ ಮೊದಲೇ ಗೋಡೆಯ ಮೇಲೆ ಬರೆದಿರಲಿ: ಎಷ್ಟು ತಾಸು ಕೆಲಸವಾಗಿ ನಿಂತರೆ ಅರ್ಧ, ಎಷ್ಟಾದರೆ ಪೂರ್ತಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳಗಾವಿಯ ಸೈಟುಗಳಲ್ಲಿ ನಡೆಯುವ ಜಗಳಗಳಲ್ಲಿ ಇದರ ಪಾಲು ದೊಡ್ಡದು. ಸರ್ಕಾರಿ ಮತ್ತು ಪಾಲಿಕೆ ಕಾಮಗಾರಿಗಳಲ್ಲಿ ಹಿಂದಿನ ಕಂತಿನ ಕೂಲಿ ಪಾವತಿಯ ಪಟ್ಟಿ, ಬ್ಯಾಂಕಿನ ಪುರಾವೆ ಸಮೇತ, ಲಗತ್ತಿಸದೆ ಮುಂದಿನ ಬಿಲ್ಲು ಪಾಸಾಗದಂತೆ ತಾವು ಸುತ್ತೋಲೆ ಹೊರಡಿಸಬೇಕು. ಖಾಸಗಿ ಕಟ್ಟಡಗಳಿಗೆ ಸ್ವಾಧೀನಾನುಭವ ಪತ್ರ (ಓಸಿ) ಕೊಡುವ ಮುನ್ನ ಪಾಲಿಕೆಯೂ ಕೂಲಿ ಬಾಕಿ ಇಲ್ಲವೆಂಬ ಘೋಷಣೆ ಕೇಳಲಿ. ಕಾಗದ ಇನ್ನೊಂದು ಹೆಚ್ಚಾಯಿತು ಎಂದು ಬಿಲ್ಡರುಗಳು ಗೊಣಗುತ್ತಾರೆ. ಗೊಣಗಲಿ.

ಎರಡನೆಯದು ನಿದ್ದೆ. ಹತ್ತು ಅಡಿ ಉದ್ದಗಲದ ತಗಡಿನ ಶೆಡ್ಡು, ಒಂದೇ ಬಾಗಿಲು, ಚಾರ್ಜಿಗೆ ಎರಡು ಪಿನ್ನು, ಅದಕ್ಕೆ ಎಂಟು ಮೊಬೈಲು. ಬೇಸಿಗೆಯಲ್ಲಿ ಹಗಲಿಡೀ ಕಾದ ತಗಡು ರಾತ್ರಿ ಬಹಳ ಹೊತ್ತಿನವರೆಗೆ ಝಳ ಬಿಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ನೆಲ ಜಿನುಗುತ್ತದೆ. ಇದಕ್ಕೆ ದೊಡ್ಡ ಖರ್ಚು ಬೇಡ. ತಗಡಿನ ಮೇಲೆ ಕಬ್ಬಿನ ರವದಿಯನ್ನು (ಒಣಗಿದ ಗರಿಯನ್ನು) ಒಂದು ಗೇಣು ದಪ್ಪ ಹೊದಿಸಿ ಹಗ್ಗ ಬಿಗಿದರೆ ಒಳಗಿನ ಝಳ ಇಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ರವದಿಗೆ ಬರವಿಲ್ಲ, ಹೊಲದಲ್ಲೇ ಸುಡುತ್ತಾರೆ. ಆದರೆ ಒಲೆ ಶೆಡ್ಡಿನಿಂದ ದೂರ, ಬೇರೆ ತಡಿಕೆಯಲ್ಲಿರಬೇಕು, ಇಲ್ಲದಿದ್ದರೆ ಬೆಂಕಿಯ ಭಯ. ಎದುರುಬದುರು ಎರಡು ಕಿಂಡಿ, ಸೊಳ್ಳೆ ಜಾಳಿಗೆ, ನೆಲಕ್ಕೆ ಮುರಮು ತುಂಬಿ ಅರ್ಧ ಅಡಿ ಎತ್ತರ. ತಲೆಗೊಂದು ಬೀಗ ಹಾಕುವ ಪೆಟ್ಟಿಗೆ: ಆಧಾರ್ ಕಾರ್ಡು, ದುಡ್ಡು, ಮೊಬೈಲು ಕಳುವಾದೀತೆಂದು ಒಂದು ಕಣ್ಣು ತೆರೆದೇ ಮಲಗುವವನಿಗೆ ಈ ಪೆಟ್ಟಿಗೆ ಗುಳಿಗೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹೆಣ್ಣುಮಕ್ಕಳಿದ್ದ ಕಡೆ ಒಳಗಿನಿಂದ ಚಿಲಕ ಬೀಳುವ ಪಾಯಖಾನೆ, ಬಚ್ಚಲು ಮತ್ತು ಅಲ್ಲಿಯವರೆಗಿನ ದಾರಿಗೆ ದೀಪ. ಬಯಲಿಗೆ ಹೋಗಬೇಕಾಗುತ್ತದೆಂದು ಸಂಜೆಯಿಂದ ನೀರು ಕುಡಿಯದೆ ಇರುವವರಿಗೆ ಉರಿಮೂತ್ರ, ತಲೆನೋವು ತಪ್ಪಿದ್ದಲ್ಲ. ಕೂಸುಗಳ ಕೋಣೆಯ ಕಥೆಯೂ ಇಷ್ಟೇ. 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಶಿಶುಪಾಲನಾ ಕೋಣೆ ಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಒಂದೇ ಸೈಟಿನ ಆಳುಗಳನ್ನು ನಾಲ್ಕು ಉಪಗುತ್ತಿಗೆಯಲ್ಲಿ ಹಂಚಿ ತೋರಿಸಿದರೆ ಕಾಗದದ ಮೇಲೆ ಸಂಖ್ಯೆ ಎಂದೂ ಅಲ್ಲಿಗೆ ಮುಟ್ಟುವುದಿಲ್ಲ. ಸೈಟನ್ನು ಒಂದೇ ಎಂದು ಎಣಿಸಿ.

ನಿದ್ದೆ ಕೆಡಿಸುವ ಇನ್ನೊಂದು ಸಂಗತಿ ಸ್ಲ್ಯಾಬು. ಸ್ಲ್ಯಾಬು ಹಾಕಲು ಶುರು ಮಾಡಿದರೆ ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಹಳೆಯ ಮತ್ತು ಹೊಸ ಕಾಂಕ್ರೀಟು ಬೆಸೆಯದೆ ಮುಂದೆ ಅಲ್ಲೇ ಸೋರುತ್ತದೆ. ಇದು ನಿಜ. ಆದರೆ ರಾತ್ರಿ ಎರಡರವರೆಗೆ ಎಳೆಯುವುದಕ್ಕೆ ಕಾರಣ ಕಾಂಕ್ರೀಟಿನ ಗುಣವಲ್ಲ, ತಯಾರಿಯ ಕೊರತೆ. ಉಸುಕಿನ ಲಾರಿ ಬೆಳಿಗ್ಗೆ ಆರಕ್ಕೆ ಬರಬೇಕಾದ್ದು ಹತ್ತಕ್ಕೆ ಬರುತ್ತದೆ. ಕಾಂಕ್ರೀಟು ಕೂರಿಸುವ ವೈಬ್ರೇಟರಿನ ಸೂಜಿ ನಡುವೆ ಕೆಡುತ್ತದೆ, ಇನ್ನೊಂದು ಇರುವುದಿಲ್ಲ. ಲಿಫ್ಟಿನ ತಂತಿಹಗ್ಗ ಸಿಕ್ಕಿಕೊಳ್ಳುತ್ತದೆ. ಮಿಕ್ಸರಿಗೆ ಡೀಸೆಲ್ ತರಲು ಒಬ್ಬ ಬೈಕಿನಲ್ಲಿ ಹೋಗಿರುತ್ತಾನೆ. ಹಿಂದಿನ ದಿನ ಸಂಜೆಯೇ ಉಸುಕು, ಖಡಿ, ಸಿಮೆಂಟು ಪೂರ್ತಿ ಬಂದು ಬಿದ್ದಿರಬೇಕು. ಹೆಚ್ಚುವರಿ ಸೂಜಿ, ಡೀಸೆಲ್ ಡಬ್ಬಿ ಇರಬೇಕು. ಲಿಫ್ಟನ್ನು ಖಾಲಿ ಓಡಿಸಿ ನೋಡಿರಬೇಕು. ಇಷ್ಟಾದ ಮೇಲೆ ಸೂರ್ಯ ಹುಟ್ಟುವಾಗ ಕೆಲಸ ಶುರುವಾಗಬೇಕು. ದೊಡ್ಡ ಸ್ಲ್ಯಾಬಾದರೆ ಎರಡು ಗ್ಯಾಂಗು, ಪಾಳಿಯ ಮೇಲೆ. ತಡರಾತ್ರಿಯವರೆಗೆ ದುಡಿದವರನ್ನು ಮರುದಿನ ಬೆಳಿಗ್ಗೆ ಎಂಟಕ್ಕೆ ಅಟ್ಟಣಿಗೆ ಹತ್ತಿಸಬಾರದು, ಮಧ್ಯಾಹ್ನದ ಮೇಲೆ ಕೆಳಗಿನ ಕೆಲಸ ಕೊಡಬೇಕು, ಹಾಜರಿ ಪೂರ್ತಿ ಹಿಡಿಯಬೇಕು. ಇನ್ನು, ಸ್ಲ್ಯಾಬು ಮುಗಿದ ಖುಷಿಗೆ ಮಾಲೀಕರು ಬಾಟಲಿ ಕೊಡಿಸುವ ಪದ್ಧತಿ ಇದೆಯಲ್ಲ, ಅದನ್ನು ನಿಲ್ಲಿಸಿ. ಮಾಲೀಕರಿಗೆ ಅದು ಔದಾರ್ಯವಾಗಿ ಕಾಣುತ್ತದೆ. ಆ ದುಡ್ಡಿಗೆ ಬಿಸಿ ಊಟ ಹಾಕಿಸಿ, ಉಳಿದದ್ದನ್ನು ಕೈಗೆ ಕೊಡಿ.

ಎತ್ತರದ ಭಯದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಬಿಟ್ಟರೆ ಕೆಲಸ ಹೋಗುತ್ತದೆ. ಊರಲ್ಲಿ ಗದ್ದೆ ಮಾಡಿಕೊಂಡಿದ್ದ ಹುಡುಗನನ್ನು ಬಂದ ವಾರದಲ್ಲೇ ನಾಲ್ಕನೇ ಮಹಡಿಯ ಹೊರಗೋಡೆಗೆ ನಿಲ್ಲಿಸುತ್ತಾರೆ. ಅವನಿಗೆ ಬೆಲ್ಟು ಕೊಟ್ಟಿರುತ್ತಾರೆ, ತಪಾಸಣೆಗೆ ಬಂದವರು ಅದರ ಫೋಟೋನೂ ತೆಗೆಯುತ್ತಾರೆ. ಬೆಲ್ಟಿನ ಕೊಕ್ಕೆ ಎಲ್ಲಿ ಸಿಕ್ಕಿಸಿದ್ದಾನೆಂದು ನೋಡಿ: ತಾನು ನಿಂತಿರುವ ಅದೇ ಅಟ್ಟಣಿಗೆಯ ಬಿದಿರಿಗೆ. ಅಟ್ಟಣಿಗೆ ಕುಸಿದರೆ ಬೆಲ್ಟು ಅವನನ್ನು ಅದರ ಜೊತೆಗೇ ಕರೆದೊಯ್ಯುತ್ತದೆ. ಕೊಕ್ಕೆ ಕಟ್ಟಡದ ಕಾಲಮ್ಮಿಗೋ, ಮೇಲಿನ ಸ್ಲ್ಯಾಬಿನಿಂದ ಇಳಿಬಿಟ್ಟ ಪ್ರತ್ಯೇಕ ಹಗ್ಗಕ್ಕೋ ಬೀಳಬೇಕು, ತಲೆಗಿಂತ ಮೇಲೆ ಇರಬೇಕು. ಸುಮಾರು 1.8 ಮೀಟರಿನ ಹಗ್ಗವಿರುವ ಬೆಲ್ಟಿನಲ್ಲಿ ಬಿದ್ದವನು ನಿಲ್ಲುವಷ್ಟರಲ್ಲಿ, ಹಗ್ಗದ ಉದ್ದ, ಹಿಗ್ಗುವಿಕೆ, ಮೈಯ ಎತ್ತರ ಸೇರಿ, ಐದಾರು ಮೀಟರು ಕೆಳಗೆ ಬಂದಿರುತ್ತಾನೆ. ಹಾಗಾಗಿ ಮೊದಲ ಮಹಡಿಯ ಅಂಚಿಗೆ ಬೆಲ್ಟು ತೋರಿಕೆಗೆ ಮಾತ್ರ, ಅಲ್ಲಿ ಬೇಕಾದದ್ದು ಸೊಂಟದೆತ್ತರದ ಕಟಕಟೆ. ಕಟಕಟೆ ಇದ್ದ ಅಂಚಿನಲ್ಲಿ ಕೆಲಸದ ವೇಗವೂ ಹೆಚ್ಚುತ್ತದೆ, ಇದನ್ನು ಯಾವ ಹಳೆಯ ಗೌಂಡಿಯನ್ನಾದರೂ ಕೇಳಿ. ಮೊದಲ ವಾರ ಎತ್ತರದ ಕೆಲಸ ಬೇಡ ಎಂಬ ನಿಯಮವೊಂದನ್ನು ಮಾಡಿದರೆ ಹೊಸಬರ ಎದೆಬಡಿತ ಅರ್ಧ ಇಳಿಯುತ್ತದೆ.

ಯಾರಾದರೂ ಬಿದ್ದಾಗ ಏನಾಗುತ್ತದೆ? ಬಿದ್ದವನನ್ನು ಆಂಬುಲೆನ್ಸಿಗೆ ಹಾಕುತ್ತಾರೆ. ಕ್ಯೂರಿಂಗ್ ಪೈಪಿನಿಂದಲೇ ನೆಲ ತೊಳೆಯುತ್ತಾರೆ. ಅರ್ಧ ತಾಸಿನಲ್ಲಿ ಮಿಕ್ಸರು ಮತ್ತೆ ತಿರುಗುತ್ತದೆ. ಅವನ ಪಕ್ಕ ಮಲಗುತ್ತಿದ್ದವನು, ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವನು, ಅದೇ ಅಂಚಿನಲ್ಲಿ ನಿಂತು ಇಟ್ಟಿಗೆ ಹಿಡಿಯುತ್ತಾನೆ, ಕೈ ನಡುಗುತ್ತಿರುತ್ತದೆ. ಎರಡನೆಯ ಅಪಘಾತಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಆ ದಿನ ಆ ಮಹಡಿಯ ಕೆಲಸ ನಿಲ್ಲಲಿ, ಹಾಜರಿ ಪೂರ್ತಿ ಇರಲಿ. ಸಂಜೆಯೊಳಗೆ ಎಲ್ಲರನ್ನೂ ಕೂಡಿಸಿ, ಆಸ್ಪತ್ರೆ ಯಾವುದು, ಸ್ಥಿತಿ ಹೇಗಿದೆ, ಊರಿಗೆ ಯಾರು ಫೋನು ಮಾಡಿದರು, ಖರ್ಚು ಯಾರದು ಎಂಬುದನ್ನು ಅವರ ಭಾಷೆಯಲ್ಲಿ ಹೇಳಬೇಕು. ಏನೂ ಹೇಳದಿದ್ದರೆ ರಾತ್ರಿ ಶೆಡ್ಡಿನಲ್ಲಿ ಗಾಳಿಸುದ್ದಿ ಹಬ್ಬಿ, ಬೆಳಗಾಗುವಷ್ಟರಲ್ಲಿ ಅರ್ಧ ಗುಂಪು ರೈಲು ಹತ್ತಿರುತ್ತದೆ, ಅದೂ ಹಿಸೇಬು ಬಿಟ್ಟು. ಜೊತೆಗಾರರನ್ನು ಕೆಲವು ದಿನ ಎತ್ತರಕ್ಕೆ ಕಳಿಸಬಾರದು. ಸದ್ದಿಗೆ ಬೆಚ್ಚುವುದು, ಬಿದ್ದ ದೃಶ್ಯ ಮತ್ತೆ ಮತ್ತೆ ಕಣ್ಣೆದುರು ಬರುವುದು, ಆ ಜಾಗಕ್ಕೇ ಹೋಗದಿರುವುದು ಮೊದಲ ದಿನಗಳಲ್ಲಿ ಸಹಜ. ಒಂದು ತಿಂಗಳು ದಾಟಿದರೂ ಇದ್ದರೆ ವೈದ್ಯರಿಗೆ ತೋರಿಸಲೇಬೇಕು.

ಈಗ ಹೆಸರು ಮತ್ತು ಭಾಷೆಯ ಕಾರಣಕ್ಕೆ ಬರುವ ಒತ್ತಡ. ಇದನ್ನು ಬರೆಯುವಾಗ ಮುಲಾಜು ಬೇಡವೆಂದು ನಿರ್ಧರಿಸಿದ್ದೇವೆ. ಬಂಗಾಳಿ ಮಾತನಾಡುವ ಮುಸ್ಲಿಂ ಗೌಂಡಿಗೆ ಈ ದೇಶದಲ್ಲಿ ಈಗ ಎದುರಾಗುವ ಮೊದಲ ಪ್ರಶ್ನೆ ‘ಬಾಂಗ್ಲಾದವನಾ?’ ಎಂಬುದು. ಅವನ ಹತ್ತಿರ ಮಾಲ್ದಾದ ಆಧಾರ್, ಮತದಾರರ ಚೀಟಿ, ರೇಷನ್ ಕಾರ್ಡು ಇರಬಹುದು. ಸೈಟು ಬದಲಾದಾಗಲೆಲ್ಲ ಮತ್ತೆ ತೋರಿಸಬೇಕು, ಮತ್ತೆ ಠಾಣೆಗೆ ಹೋಗಬೇಕು, ಅವತ್ತಿನ ಹಾಜರಿ ಹೋಗಬೇಕು. ಓಡಿಹೋಗದಿರಲಿ ಎಂದು ಮುಕಾದಮ ಅಸಲು ಕಾಗದಗಳನ್ನೇ ಇಟ್ಟುಕೊಂಡಿದ್ದರೆ ಮುಗಿಯಿತು, ಕೇಳಿದಾಗ ತೋರಿಸಲು ಇವನ ಕೈಯಲ್ಲಿ ಏನೂ ಇಲ್ಲ. ಪರಿಶೀಲನೆ ಪೊಲೀಸರ ಕೆಲಸ, ಮಾಡಲಿ. ಸೈಟಿಗೇ ಬಂದು, ಹಗಲು ಹೊತ್ತಿನಲ್ಲಿ, ಯಾವ ರಾಜ್ಯದವರೆಂದು ಆರಿಸದೆ ಎಲ್ಲರದನ್ನೂ ಒಮ್ಮೆಗೇ ಮಾಡಲಿ. ಮುಗಿದ ಮೇಲೆ ಮೊಹರು ಹಾಕಿದ ಸ್ವೀಕೃತಿ ಚೀಟಿ ಕೊಡಲಿ. ಆ ಚೀಟಿ ಜಿಲ್ಲೆಯ ಎಲ್ಲ ಠಾಣೆಗಳಲ್ಲೂ ನಡೆಯಲಿ. ಅಸಲು ಕಾಗದ ಹಿಡಿದಿಟ್ಟುಕೊಳ್ಳುವ ಮುಕಾದಮರ ಮೇಲೆ ಕ್ರಮವಾಗಲಿ. ಈ ಒಂದು ಚೀಟಿ ಎಷ್ಟು ಜನರ ರಾತ್ರಿ ನಿದ್ದೆ ಉಳಿಸುತ್ತದೆಂದರೆ, ಅದರ ಎದುರು ನೂರು ಶಿಬಿರ ಸಾಟಿಯಲ್ಲ.

ಉಳಿದವು ಸಣ್ಣ ಹೊಂದಾಣಿಕೆಗಳು. ಶುಕ್ರವಾರ ಊಟದ ಬಿಡುವನ್ನು ಒಂದೂಕಾಲಿನಿಂದ ಎರಡೂಕಾಲಿನವರೆಗೆ ಇಟ್ಟರೆ ಜುಮ್ಮಾ ನಮಾಜಿನ ಜಗಳ ಮುಗಿಯುತ್ತದೆ, ಕೆಲಸದ ತಾಸು ಒಂದೂ ಕಡಿಮೆಯಾಗುವುದಿಲ್ಲ. ರಂಜಾನ್ ಬೇಸಿಗೆಯಲ್ಲಿ ಬಂದರೆ ಬೆಳಿಗ್ಗೆ ಆರಕ್ಕೆ ಹಚ್ಚಿ ಮಧ್ಯಾಹ್ನ ಎರಡಕ್ಕೆ ಬಿಡುವುದು ಉಪವಾಸವಿದ್ದವರಿಗೂ ಒಳ್ಳೆಯದು, ಇಲ್ಲದವರಿಗೂ ಒಳ್ಳೆಯದು. ಒಲೆ ಬೇರೆ ಬೇರೆ ಇರಲಿ, ನೀರಿನ ಟಾಕಿ ಒಂದೇ ಇರಲಿ. ತಾಂಡಾದವರು, ದಲಿತರು ಬೇರೆ ಕೊಡ ಮುಟ್ಟಬೇಕೆಂಬ ಸೈಟುಗಳು ಇನ್ನೂ ಇವೆ, ಅದು ಅಪರಾಧ. ಫಲಕಗಳ ಬಗ್ಗೆ ಒಂದು ಮಾತು. ನಾಮಫಲಕದಲ್ಲಿ ಕನ್ನಡ ಮೊದಲಿರಬೇಕು, ಅದರಲ್ಲಿ ನಮ್ಮ ತಕರಾರಿಲ್ಲ, ಈ ಊರಿನಲ್ಲಿ ಅದರ ಬೆಲೆ ನಮಗೆ ಗೊತ್ತು. ಆದರೆ ‘ಮೇಲೆ ಕ್ರೇನ್ ಇದೆ’, ‘ವಿದ್ಯುತ್ ಹರಿಯುತ್ತಿದೆ’ ಎಂಬ ಸೂಚನೆಯನ್ನು ಓದಬೇಕಾದವನು ಒಡಿಯಾ ಬಲ್ಲವನಾದರೆ ಅದು ಚಿತ್ರದಲ್ಲೂ ಅವನ ಲಿಪಿಯಲ್ಲೂ ಇರಲಿ. ಹೊಸಬರಿಗೆ ಕನ್ನಡದ ಇಪ್ಪತ್ತು ಮೂವತ್ತು ಮಾತು ಕಲಿಸುವುದೂ ಒಳ್ಳೆಯದೇ: ನಿಲ್ಲಿಸು, ಜಾರುತ್ತದೆ, ತಲೆ ತಿರುಗುತ್ತದೆ, ದವಾಖಾನೆ, ಪಗಾರ ಎಷ್ಟು.

ಇಷ್ಟರ ನಡುವೆ ಇವರು ಹೇಗೆ ದಿನ ತಳ್ಳುತ್ತಾರೆ ಎಂಬುದನ್ನೂ ಹೇಳಬೇಕು. ಖೈನಿ, ಗುಟ್ಕಾ ಹಸಿವು ಮರೆಸುತ್ತದೆ. ಮೈಕೈ ನೋವಿಗೆ ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್ ಗುಳಿಗೆ ದಿನಕ್ಕೆ ಒಂದೆರಡು, ಚೀಟಿ ಇಲ್ಲದೆ. ಬಿಸಿಲಲ್ಲಿ ನೀರು ಕಡಿಮೆ ಕುಡಿದು ಈ ಗುಳಿಗೆ ನುಂಗುತ್ತಾ ಹೋದರೆ ಮೂತ್ರಪಿಂಡಕ್ಕೆ ಪೆಟ್ಟು. ಸಂಜೆಗೆ 90 ಮಿಲಿಯ ಪೊಟ್ಟಣ. ದಿನವೂ ಕುಡಿಯುವವನನ್ನು ‘ನಾಳೆಯಿಂದ ಮುಟ್ಟಬೇಡ’ ಎಂದು ಗದರಿಸಿ ನಿಲ್ಲಿಸುವುದು ಅಪಾಯ ಎಂಬುದು ಮೇಸ್ತ್ರಿಗಳಿಗೆ ಗೊತ್ತಿರಲಿ. ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್ ಬರಬಹುದು, ಆಮೇಲೆ ಭ್ರಮೆಯೂ ಹಿಡಿಯಬಹುದು. ಅಟ್ಟಣಿಗೆಯ ಮೇಲೆ ಫಿಟ್ಸ್ ಬಂದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಬಿಡಿಸುವುದಾದರೆ ಆಸ್ಪತ್ರೆಯ ಮೂಲಕ ಬಿಡಿಸಿ. ಹಾಗೆಯೇ ಏಪ್ರಿಲ್, ಮೇ ತಿಂಗಳಲ್ಲಿ ತೊದಲುತ್ತಾ ತೂರಾಡುವವನನ್ನು ಕುಡಿದಿದ್ದಾನೆಂದು ಮೂಲೆಗೆ ತಳ್ಳಬೇಡಿ, ಅದು ಬಿಸಿಲಿನ ಹೊಡೆತವಿರಬಹುದು: ನೆರಳಿಗೆ ಎಳೆದು, ಮೈಗೆ ನೀರು ಸುರಿದು, ಗಾಳಿ ಬೀಸಿ, ಕೂಡಲೇ 108ಕ್ಕೆ ಫೋನು ಮಾಡಿ. ವಿಜಯಪುರ, ಬಾಗಲಕೋಟೆಯ ಸೈಟುಗಳಿಗೆ ಇದು ಬೆಳಗಾವಿಗಿಂತ ಹೆಚ್ಚು ಅನ್ವಯ. ಬಿಸಿಲಿನ ಕೆಲಸಕ್ಕೆ ಹೊಸಬನಾದವನಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಬಿಸಿಲಿನ ಕೆಲಸ, ದಿನಕ್ಕೊಂದು ಪಾಲು ಹೆಚ್ಚಿಸುತ್ತಾ ಹೋಗಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕೈಗೆ ಸಿಗಬೇಕು.

ಒಳ್ಳೆಯ ದಾರಿಗಳೂ ಇವೆ, ಅವನ್ನು ಯಾರೂ ಕಲಿಸಿದ್ದಲ್ಲ. ಒಂದೇ ಊರಿನವರು ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಾರೆ, ಪಾಳಿಯ ಮೇಲೆ ರೊಟ್ಟಿ ತಟ್ಟುತ್ತಾರೆ. ಭಿಶಿ (ಚೀಟಿ ಹಣ) ಹಾಕಿ ಯಾರದೋ ಆಸ್ಪತ್ರೆ ಖರ್ಚು ತೂಗಿಸುತ್ತಾರೆ. ರಾತ್ರಿ ಊಟವಾದ ಮೇಲೆ ಹೆಂಡತಿ ಮಕ್ಕಳ ಮುಖ ಮೊಬೈಲಿನಲ್ಲಿ ನೋಡಿ ಮಲಗುತ್ತಾರೆ. ತಾಂಡಾದ ಹೆಣ್ಣುಮಕ್ಕಳು ಖಡಿ ಹೊರುವಾಗ ಹಾಡುತ್ತಾರೆ. ಸದ್ದು ಮಾಡಬೇಡಿ ಎಂದು ಗದರಿಸುವ ಸೂಪರ್‌ವೈಸರುಗಳಿಗೆ ಮಿಕ್ಸರಿನ ಸದ್ದು ಕೇಳಿಸುವುದಿಲ್ಲವೇನೋ. ಕೆಲಸದ ಅನುಕೂಲಕ್ಕೆಂದು ಒಂದೂರಿನ ಗುಂಪನ್ನು ಮೂರು ಸೈಟಿಗೆ ಹಂಚಿದರೆ ಇದೆಲ್ಲ ಒಂದೇ ದಿನಕ್ಕೆ ಮುರಿಯುತ್ತದೆ. ಹಂಚಲೇಬೇಕಾದರೆ ಇಬ್ಬಿಬ್ಬರನ್ನಾದರೂ ಜೊತೆಗಿಡಿ, ಒಬ್ಬನನ್ನೇ ಕಳಿಸಬೇಡಿ.

ಆರೋಗ್ಯ ಇಲಾಖೆಗೆ ನಮ್ಮ ಮನವಿ ಹೊತ್ತಿನದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಒಳ್ಳೆಯ ಯೋಜನೆ. ಆದರೆ ಮಂಗಳವಾರ ಹಗಲು ದವಾಖಾನೆಗೆ ಹೋದರೆ ಒಂದು ಹಾಜರಿ ಹೋಯಿತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿಬರಲು ಇಡೀ ದಿನ ಬೇಕು. ತಿಂಗಳಿಗೆ ಎರಡು ಸಲವಾದರೂ ಸಂಜೆ ಆರರಿಂದ ಎಂಟರವರೆಗೆ, ಸೈಟುಗಳು ಹೆಚ್ಚಿರುವ ಕಡೆಯ ಸರ್ಕಾರಿ ನಮ್ಮ ಕ್ಲಿನಿಕ್‌ನಲ್ಲಿ ಕುಳಿತುಕೊಳ್ಳುವ ವ್ಯವಸ್ಥೆಯಾಗಲಿ. ಬಂದವನನ್ನು ಮೊದಲೇ ಮನಸ್ಸಿನ ಬಗ್ಗೆ ಕೇಳಬೇಡಿ. ಅವನು ಹೇಳುವುದು ತಲೆನೋವು, ಬೆನ್ನುನೋವು, ಹೊಟ್ಟೆಯುರಿ, ಕೈಕಾಲು ಜೋಮು. ನಿದ್ದೆ ಹೇಗಿದೆ, ಊಟ ರುಚಿಸುತ್ತದೆಯೇ, ಊರಿಗೆ ಕೊನೆಯ ಸಲ ಫೋನು ಮಾಡಿದ್ದು ಯಾವಾಗ ಎಂದು ಕೇಳಿ. ಆಮೇಲೆ, ಎರಡು ವಾರದಿಂದ ಮನಸ್ಸು ಕುಗ್ಗಿದೆಯೇ, ಯಾವುದೂ ಬೇಡವೆನಿಸುತ್ತದೆಯೇ ಎಂಬ ಎರಡು ಪ್ರಶ್ನೆ. ಸಾಯಬೇಕೆನಿಸಿದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕಿದವರ ಮೇಲೆ ಕೇಸು ಹಾಕುವ ಕಾಲ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೊಂದಿಗೆ ಮುಗಿದಿದೆ ಎಂಬುದನ್ನು ಕಾರ್ಮಿಕರಿಗೂ ಠಾಣೆಗಳಿಗೂ ತಿಳಿಸಿ.

2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ, 14416, ಇಪ್ಪತ್ತನಾಲ್ಕು ತಾಸು ಉಚಿತ. ಕನ್ನಡ, ಹಿಂದಿ, ಬಂಗಾಳಿ, ಒಡಿಯಾ ಸೇರಿ 20 ಭಾಷೆಗಳಲ್ಲಿ ಸಿಗುತ್ತದೆ. ಗೋಡೆಗೆ ಅಂಟಿಸಿದರಷ್ಟೇ ಸಾಲದು. ಎಂಟು ಜನರ ಶೆಡ್ಡಿನಲ್ಲಿ ಕುಳಿತು ಯಾರೂ ತನ್ನ ಮನಸ್ಸಿನ ಮಾತು ಹೇಳಲಾರ. ಸಿಮೆಂಟಿನ ಗೋಡೌನಿನ ಒಂದು ಮೂಲೆ, ಕುರ್ಚಿ, ಚಾರ್ಜರು, ಕೆಲಸದ ಹೊತ್ತಿನಲ್ಲೇ ಅರ್ಧ ತಾಸು ಬಿಡುವು, ಯಾಕೆಂದು ಕೇಳದ ಸೂಪರ್‌ವೈಸರು. ಪ್ರತಿ ಗ್ಯಾಂಗಿನಲ್ಲಿ ಇಬ್ಬರಿಗೆ, ಅವರದೇ ಭಾಷೆಯವರಿಗೆ, ಎರಡು ದಿನ ತರಬೇತಿ ಕೊಡಿ: ಗಮನಿಸುವುದು, ಮಾತಾಡಿಸುವುದು, ಎಲ್ಲಿಗೆ ಕಳಿಸಬೇಕೆಂದು ತಿಳಿಯುವುದು. ಆ ಎರಡು ದಿನದ ಹಾಜರಿ ಹಿಡಿಯಬೇಕು.

ದುಡ್ಡು ಎಲ್ಲಿಂದ ಎಂದು ಕೇಳುವ ಹಾಗಿಲ್ಲ. ಕಟ್ಟಡ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಕಲ್ಯಾಣ ಸೆಸ್ ವಸೂಲಾಗುತ್ತದೆ. ಒಂದು ಕೋಟಿಯ ಕಟ್ಟಡಕ್ಕೆ ಒಂದು ಲಕ್ಷ. ಈ ಹಣ ದೇಶದಾದ್ಯಂತ ಖರ್ಚಾಗದೆ ಉಳಿದಿರುವುದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟು ಕಟುವಾಗಿಯೇ ಹೇಳಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ನಾಲ್ಕು ಸೈಟಿನಲ್ಲಿ ದುಡಿದ ಹೊರರಾಜ್ಯದವನಿಗೆ ಸಹಿ ಹಾಕುವವರು ಯಾರು? ಆಧಾರಿಗೆ ಜೋಡಿಸಿದ ನಂಬರು ಊರಲ್ಲಿ ಬಿಟ್ಟ ಸಿಮ್ಮಿನದು, ಓಟಿಪಿ ಅಲ್ಲಿಗೆ ಹೋಗುತ್ತದೆ. ಸೈಟಿನ ಮುಖ ಕಾಣದವರ ಜೇಬಿನಲ್ಲಿ ಕಾರ್ಡು ಇರುತ್ತದೆ, ಬೋಗಸ್ ಕಾರ್ಡು ರದ್ದು ಮಾಡುವುದೇ ಇಲಾಖೆಗೊಂದು ದೊಡ್ಡ ಕೆಲಸವಾಗಿದೆ. ಖಡಿ ಹೊರುವವನ ಜೇಬಿನಲ್ಲಿ ಮಾತ್ರ ಇಲ್ಲ. ಮೇಲೆ ಹೇಳಿದ ಹಾಜರಿ ಕಾರ್ಡುಗಳನ್ನೇ ಕೂಡಿಸಿ 90 ದಿನಕ್ಕೆ ಪುರಾವೆಯಾಗಿ ಒಪ್ಪಿದರೆ ಎರಡು ಕೆಲಸ ಒಮ್ಮೆಗೇ ಆಗುತ್ತದೆ. ನೋಂದಣಿಯನ್ನು ಸೈಟಿನಲ್ಲೇ, ಖರ್ಚಿ ಕೊಡುವ ಸಂಜೆ, ಮಾಡಬೇಕು.

ಮಾನ್ಯರೇ, ಎಲ್ಲವನ್ನೂ ಒಟ್ಟಿಗೆ ಮಾಡಿ ಎನ್ನುತ್ತಿಲ್ಲ. ಹಾಜರಿ ಕಾರ್ಡು ಮತ್ತು ಪೊಲೀಸ್ ಸ್ವೀಕೃತಿ ಚೀಟಿ, ಈ ಎರಡಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಅನುದಾನವೂ ಬೇಡ. ಮಳೆ ಹಿಂದೆಗೆದು ಸ್ಲ್ಯಾಬುಗಳ ಹಂಗಾಮು ಶುರುವಾಗುವ ಮುನ್ನ ಕಾರ್ಮಿಕ, ಆರೋಗ್ಯ, ಪೊಲೀಸ್ ಇಲಾಖೆ ಮತ್ತು ಪಾಲಿಕೆಯವರನ್ನು ಕೂಡಿಸಿ ಸಭೆ ಕರೆಯಿರಿ. ಬಿಲ್ಡರುಗಳ ಜೊತೆ ಮುಕಾದಮರನ್ನೂ ಕರೆಯಿರಿ, ಅವರಿಲ್ಲದೆ ಯಾವ ನಿರ್ಣಯವೂ ಸೈಟಿಗೆ ಇಳಿಯುವುದಿಲ್ಲ. ಕಾರ್ಮಿಕರ ಪ್ರತಿನಿಧಿಗಳು ಬರಬೇಕಾದರೆ ಸಭೆ ವಾರದ ರಜೆಯ ದಿನ ಇರಬೇಕು, ಬಂಗಾಳಿ ಮತ್ತು ಒಡಿಯಾ ಬಲ್ಲ ಒಬ್ಬೊಬ್ಬರು ಅಲ್ಲಿರಬೇಕು. ಹಾಜರಿ ಕಾರ್ಡಿನ ಮಾದರಿಯನ್ನು ಕನ್ನಡ, ಹಿಂದಿ, ಬಂಗಾಳಿ, ಒಡಿಯಾದಲ್ಲಿ ಸಿದ್ಧಪಡಿಸಿ ತಮ್ಮ ಕಚೇರಿಗೆ ತಲುಪಿಸುವ ಕೆಲಸ ನಮ್ಮದು.

ತಮ್ಮ ವಿಶ್ವಾಸಿಗಳು,
ಕಟ್ಟಡ ಕಾರ್ಮಿಕರ ನಡುವೆ ಕೆಲಸ ಮಾಡುವವರು
ಬೆಳಗಾವಿ